ಮಳಿಗೆ ಯಾರ ಹೆಸರಿಗೆ?

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಗೋವಾವೇಸ್ ಬಳಿ ತಿನಿಸು ಕಟ್ಟೆ ಎಂಬ ತಿಂಡಿ ಮಳಿಗೆಗಳ ಸಾಲಿದೆ. ಅಲ್ಲಿನ ಮಳಿಗೆಗಳನ್ನು ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರು ತಮ್ಮ ಪತ್ನಿಯರ ಹೆಸರಿನಲ್ಲಿ ಪಡೆದಿದ್ದಾರೆ ಎಂದು ದೂರು ಬಂತು. 2025ರ ಫೆಬ್ರವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವವನ್ನೂ ರದ್ದುಪಡಿಸಿ ಆದೇಶ ಹೊರಡಿಸಿದರು. ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಸರಿ ತಪ್ಪುಗಳ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಷ್ಟು ಸಂಗತಿ ಊರಿಗೆ ತಿಳಿಯಲು ಯಾರಾದರೂ ಬೆನ್ನುಹತ್ತಿ ದೂರು ಕೊಡುವವರೆಗೆ ಕಾಯಬೇಕೆ?

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆಯ ಪ್ರಕಾರ ಪ್ರತಿ ಸದಸ್ಯರೂ ವರ್ಷಕ್ಕೊಮ್ಮೆ ತಮ್ಮ ಹಾಗೂ ಕುಟುಂಬದವರ ಆಸ್ತಿ ವಿವರವನ್ನು ಮಹಾಪೌರರಿಗೆ ಸಲ್ಲಿಸಬೇಕು. ಚುನಾವಣೆಗೆ ನಿಲ್ಲುವಾಗ ಪ್ರಮಾಣಪತ್ರವಂತೂ ಇದ್ದೇ ಇದೆ. ಅದರಲ್ಲಿ ಆಸ್ತಿಯ ಬಗ್ಗೆ ಸುಳ್ಳು ವಿವರ ನೀಡಿದ ಕಾರಣಕ್ಕೆ 2021ರಲ್ಲಿ ಮೈಸೂರಿನ ಮಹಾಪೌರರೇ ಸದಸ್ಯತ್ವ ಕಳೆದುಕೊಂಡರು.

ಆದರೆ ಆಸ್ತಿ ಎಂದರೆ ಸ್ವಂತದ್ದು. ನಿವೇಶನ, ಮನೆ, ಚಿನ್ನ, ಠೇವಣಿ. ಪಾಲಿಕೆಯಿಂದ ಬಾಡಿಗೆಗೆ ಪಡೆದ ಮಳಿಗೆ ಆಸ್ತಿಯಲ್ಲ. ಭಾವಮೈದುನನ ಗುತ್ತಿಗೆದಾರಿಕೆ ಆಸ್ತಿಯಲ್ಲ. ಬೇಸಿಗೆಯಲ್ಲಿ ವಾರ್ಡಿಗೆ ನೀರು ಹೊಡೆಯುವ ಟ್ಯಾಂಕರು ಬೇರೆ ಸಂಸಾರ ಹೂಡಿದ ಅಣ್ಣನ ಹೆಸರಿನಲ್ಲಿದ್ದರೆ ಅದೂ ಪಟ್ಟಿಗೆ ಬರುವುದಿಲ್ಲ. ಚರಂಡಿಯ ಟೆಂಡರು, ಕಸದ ಲಾರಿ, ಬೀದಿದೀಪದ ಬಿಲ್ಲು: ಸ್ಥಳೀಯ ಸಂಸ್ಥೆಯಲ್ಲಿ ಹಣ ಓಡಾಡುವುದೇ ಇಂಥ ದಾರಿಗಳಲ್ಲಿ. ಸದಸ್ಯರ ಮನೆಯ ಬೀರುವಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆ ಎಂಬ ಕುತೂಹಲ ನನಗಿಲ್ಲ. ಅವರು ಕೈ ಎತ್ತಿ ಒಪ್ಪಿಗೆ ಕೊಟ್ಟ ಕಾಮಗಾರಿಯಿಂದ ಅವರ ಮನೆಗೆ ಏನು ಬರುತ್ತದೆ ಎಂಬುದು ತೆರಿಗೆ ಕಟ್ಟುವ ನನಗೆ ತಿಳಿಯಲೇಬೇಕು.

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಎಂಬ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುವ 2011ರ ಲೋಕಲಿಸಂ ಕಾಯ್ದೆ ಇದನ್ನು ನೇರವಾಗಿ ಹಿಡಿದಿದೆ. ಆಯ್ಕೆಯಾದ 28 ದಿನಗಳೊಳಗೆ ಕೌನ್ಸಿಲರು ತಮ್ಮ ಉದ್ಯೋಗ, ಭೂಮಿ, ಕೌನ್ಸಿಲಿನ ಜೊತೆಗಿನ ಗುತ್ತಿಗೆ, ಕೌನ್ಸಿಲಿನಿಂದ ಬಾಡಿಗೆಗೆ ಪಡೆದ ಜಾಗ, ಎಲ್ಲವನ್ನೂ ತಿಳಿಸಬೇಕು. ಪತಿ ಅಥವಾ ಪತ್ನಿಯ ಹಿತಾಸಕ್ತಿಯೂ ಅದರಲ್ಲಿ ಸೇರುತ್ತದೆ. ಆ ದಾಖಲೆ ಕೌನ್ಸಿಲಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ತಮಗೆ ಸಂಬಂಧಿಸಿದ ವಿಷಯ ಸಭೆಗೆ ಬಂದಾಗ, ವಿಶೇಷ ಅನುಮತಿ ಇಲ್ಲದಿದ್ದರೆ, ಚರ್ಚಿಸುವಂತಿಲ್ಲ, ಮತ ಹಾಕುವಂತಿಲ್ಲ. ಸಕಾರಣವಿಲ್ಲದೆ ಮುಚ್ಚಿಟ್ಟರೆ ಅದು ಅಪರಾಧ.

ನಮ್ಮ ಕಾಯ್ದೆಯೂ ಪಾಲಿಕೆಯ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಇರಕೂಡದು ಎನ್ನುತ್ತದೆ. ನಿಷೇಧವಿದೆ, ಪಾಲು ಯಾರಿಗಿದೆ ಎಂದು ಮೊದಲೇ ನೋಡಿಕೊಳ್ಳಲು ಜನರ ಕೈಗೆ ಪಟ್ಟಿ ಸಿಗುವುದಿಲ್ಲ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು, ನಿಜ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿಯಿಂದ, "ಇದು ವೈಯಕ್ತಿಕ ಮಾಹಿತಿ" ಎಂದು ಅರ್ಜಿಯನ್ನು ತಳ್ಳಿಹಾಕುವುದು ಸುಲಭವಾಗಿದೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದು ಎನ್ನುವ, ಮಾಹಿತಿ ಹಕ್ಕು ಕಾಯ್ದೆಯ 8(2)ನೆಯ ಕಲಂ ಇನ್ನೂ ಉಳಿದಿದೆ. ಅರ್ಜಿ ಬರೆಯುವವರು ಅದನ್ನು ಮರೆಯದೆ ಉಲ್ಲೇಖಿಸಿ.

ಕೇಳುಗರೇ, ನಿಮ್ಮ ವಾರ್ಡಿನ ಸದಸ್ಯರು ಎದುರಾದಾಗ ಇಷ್ಟನ್ನು ಕೇಳಿ: ಈ ವರ್ಷದ ವಿವರ ಸಲ್ಲಿಸಿದ್ದೀರಾ? ಅದರ ಪ್ರತಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಯಾವಾಗ ಅಂಟಿಸುತ್ತೀರಿ? ನಮಸ್ಕಾರ.