ನೋಟಿಸ್ ಬಂದ ಮೇಲೆ ಕೇಸ್ ಶೀಟ್ ತಿದ್ದಬೇಡಿ

ಕೇಳುಗರೆ, ನಮಸ್ಕಾರ.

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂಬ ನೋಟಿಸ್ ಕೈಗೆ ಬಂದರೆ ವೈದ್ಯರು ಮೊದಲು ತರಿಸಿಕೊಳ್ಳುವುದು ಕೇಸ್ ಶೀಟನ್ನು. ಓದುತ್ತಾ ಹೋದಂತೆ 'ಅಯ್ಯೋ, ಇದನ್ನು ಬರೆದೇ ಇಲ್ಲವಲ್ಲ' ಅನ್ನಿಸುತ್ತದೆ, ಕೈ ಪೆನ್ನಿಗೆ ಹೋಗುತ್ತದೆ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಗೆಲ್ಲಬೇಕಾದ ಮೊಕದ್ದಮೆ ಹಾಳಾಗುವುದು ಈ ಗಳಿಗೆಯಲ್ಲಿ. ರೋಗಿಯ ಕಡೆಯವರು ಮೊದಲೇ ಪ್ರತಿ ಪಡೆದಿರಬಹುದು. ದಾಖಲೆ ಕಂಪ್ಯೂಟರಿನಲ್ಲಿದ್ದರೆ ಯಾರು, ಯಾವಾಗ ತೆರೆದು ಏನು ತಿದ್ದಿದರು ಎಂಬುದು ಸಾಮಾನ್ಯವಾಗಿ ಅದರೊಳಗೇ ಉಳಿದಿರುತ್ತದೆ. ಒಂದು ಸಾಲು ಸೇರಿಸಿದ್ದು ಗೊತ್ತಾದರೆ ಸಾಕು, ಉಳಿದ ನಿಜವಾದ ಸಾಲುಗಳನ್ನೂ ನ್ಯಾಯಾಧೀಶರು ನಂಬುವುದಿಲ್ಲ.

ಚಿಕಿತ್ಸೆ ನಡೆಯುತ್ತಿರುವಾಗಿನ ತಿದ್ದುಪಡಿ ಬೇರೆ ಮಾತು. ತಪ್ಪಾದ ಪದದ ಮೇಲೆ ಒಂದೇ ಗೆರೆ ಎಳೆಯಿರಿ. ಕೆಳಗಿನ ಅಕ್ಷರ ಓದುವಂತಿರಲಿ, ಪಕ್ಕದಲ್ಲಿ ತಾರೀಖು, ಸಮಯ, ಸಹಿ ಇರಲಿ. ಮರೆತದ್ದನ್ನು ಆಮೇಲೆ ಬರೆಯುವುದಾದರೆ 'ತಡವಾಗಿ ಬರೆದದ್ದು' ಎಂದೇ ನಮೂದಿಸಿ, ಬರೆಯುತ್ತಿರುವ ಹೊತ್ತನ್ನೇ ಹಾಕಿ.

ನೋಟಿಸ್ ಬಂದ ದಿನವೇ ಮೂಲ ದಾಖಲೆಯನ್ನು ಬೀಗದೊಳಗೆ ಇಡಿಸಿ, ಪ್ರತಿಯಲ್ಲಷ್ಟೇ ಕೆಲಸ ಮಾಡಿ. ವೈದ್ಯರ ಟಿಪ್ಪಣಿ ಮಾತ್ರ ಸಾಲದು. ನರ್ಸ್‌ಗಳ ಚಾರ್ಟ್, ಔಷಧಿ ಹಾಳೆ, ಅರಿವಳಿಕೆಯ ದಾಖಲೆ, ಲ್ಯಾಬ್ ವರದಿ, ಎಕ್ಸ್‌ರೇ ಎಲ್ಲವೂ ಬೇಕು. ಹೆರಿಗೆ ಪ್ರಕರಣವಾದರೆ ಮಗುವಿನ ಹೃದಯಬಡಿತದ ಸಿಟಿಜಿ ಪಟ್ಟಿಯನ್ನು ತಕ್ಷಣ ಸ್ಕ್ಯಾನ್ ಮಾಡಿಸಿ. ಥರ್ಮಲ್ ಕಾಗದದ ಅಚ್ಚು ದಿನ ಕಳೆದಂತೆ ಮಾಸುತ್ತದೆ, ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ. ಬಳಿಕ ನಿಮಿಷ ನಿಮಿಷದ ಕಾಲಾನುಕ್ರಮ ಪಟ್ಟಿ ಮಾಡಿ. ಗೋಡೆ ಗಡಿಯಾರವೂ ಮಾನಿಟರಿನ ಗಡಿಯಾರವೂ ಹೊಂದದಿದ್ದರೆ, 10 ನಿಮಿಷದಲ್ಲೇ ಬಂದ ವೈದ್ಯರು ಕಾಗದದ ಮೇಲೆ 25 ನಿಮಿಷ ತಡವಾದಂತೆ ಕಾಣಬಹುದು. ಎಷ್ಟೋ ವಾದಗಳು ಇಂಥ ಸಣ್ಣದರಲ್ಲೇ ತೊಡಕಾಗುತ್ತವೆ.

ಇಂಥ ದೂರುಗಳಿಗೆಂದೇ ವೈದ್ಯರು ಮಾಡಿಸಿರುವ ವಿಮೆಯ ಕಂಪನಿಗೆ ಅಂದೇ ಬರೆದು ತಿಳಿಸಿ. ಹಲವು ಪಾಲಿಸಿಗಳಲ್ಲಿ ಲೆಕ್ಕಕ್ಕೆ ಬರುವುದು ಚಿಕಿತ್ಸೆಯ ದಿನವಲ್ಲ, ದೂರು ಬಂದ ದಿನ. ತಿಳಿಸುವುದು ತಡವಾದರೆ ರಕ್ಷಣೆಯೇ ಕೈತಪ್ಪಬಹುದು. ಸಹೋದ್ಯೋಗಿಗಳ ಜೊತೆ ವಾಟ್ಸಾಪ್‌ನಲ್ಲಿ ಚರ್ಚೆ ಬೇಡ, ಆ ಸಂದೇಶಗಳೂ ಸಾಕ್ಷ್ಯವಾಗಿ ಬರಬಹುದು.

ಇನ್ನು ವಾದದ ತಿರುಳು. ಫಲಿತಾಂಶ ಕೆಟ್ಟಿತು ಎಂದಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. 1957ರಲ್ಲಿ ಇಂಗ್ಲೆಂಡಿನ ಬೋಲಂ ಪ್ರಕರಣ ಹಾಕಿಕೊಟ್ಟ ಅಳತೆಗೋಲು ಇದು: ಆ ಶಾಖೆಯ ಬಲ್ಲ ವೈದ್ಯರ ಒಂದು ಬಳಗ ಸರಿಯೆಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡವರು ನಿರ್ಲಕ್ಷ್ಯ ಮಾಡಿದವರಲ್ಲ. ಆದರೆ ಆ ಒಪ್ಪಿಗೆ ತರ್ಕಕ್ಕೆ ನಿಲ್ಲಬೇಕು ಎಂದು 1997ರಲ್ಲಿ ಬೊಲಿಥೊ ಪ್ರಕರಣ ಸೇರಿಸಿತು. ಹಾಗಾಗಿ ತಜ್ಞಸಾಕ್ಷಿ ಅದೇ ಶಾಖೆಯವರಾಗಿರಲಿ, 'ನಾವೂ ಹೀಗೇ ಮಾಡುತ್ತೇವೆ' ಎಂದು ನಿಲ್ಲಿಸದೆ ಏಕೆ ಎಂದೂ ವಿವರಿಸಲಿ. ಅಳೆಯಬೇಕಾದದ್ದು ಚಿಕಿತ್ಸೆ ಕೊಟ್ಟ ಕಾಲದ ತಿಳಿವಳಿಕೆಯಿಂದ, ಇಂದಿನದರಿಂದಲ್ಲ.

ಹೆಚ್ಚಿನವರು ಕಡೆಗಣಿಸುವ ವಾದ ಕಾರಣಸಂಬಂಧದ್ದು. ರೋಗಪತ್ತೆ ತಡವಾಯಿತು ಎಂದೇ ಇಟ್ಟುಕೊಳ್ಳಿ. ಬೇಗ ಪತ್ತೆಯಾಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ? ಇಲ್ಲವೆಂದು ಸ್ಕ್ಯಾನ್ ಮತ್ತು ಲ್ಯಾಬ್ ವರದಿಗಳು ಹೇಳಿದರೆ, ತಪ್ಪು ಒಪ್ಪಿಕೊಂಡೂ ದಾವೆಯನ್ನು ಎದುರಿಸಬಹುದು.

ಒಪ್ಪಿಗೆ ಪತ್ರದ ಸಹಿಯನ್ನು ಮಾತ್ರ ನೆಚ್ಚಬೇಡಿ. ರೋಗಿಗೆ ಮುಖ್ಯವೆನಿಸುವ ಅಪಾಯವನ್ನೂ ಬೇರೆ ದಾರಿಗಳನ್ನೂ ತಿಳಿಸಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್‌ಗೊಮೆರಿ ತೀರ್ಪಿನಲ್ಲಿ ಹೇಳಿದೆ. ಯಾವ ಅಪಾಯ ಹೇಳಿದಿರಿ, ರೋಗಿ ಏನು ಕೇಳಿದರು ಎಂಬ ಎರಡು ಸಾಲು ಅಂದೇ ಬರೆದಿದ್ದರೆ ಅಚ್ಚಾದ ನಾಲ್ಕು ಪುಟದ ಫಾರಂಗಿಂತ ಅದಕ್ಕೇ ತೂಕ ಹೆಚ್ಚು.

ತಪ್ಪು ನಿಜಕ್ಕೂ ಆಗಿದ್ದರೆ ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಬೇಗ ರಾಜಿಯಾದರೆ ನೊಂದ ಕುಟುಂಬಕ್ಕೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಪಾಟಿಸವಾಲಿನ ನಡುವೆ ಹೊರಬಿದ್ದರೆ ಆ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ.

ನಮಸ್ಕಾರ.