ಸರ್ವರ್ ಮೆಮೊರಿಯಲ್ಲಿ ಮೀಸಲು: ಎಷ್ಟು ಬಿಟ್ಟುಕೊಡಬೇಕು, ಯಾವುದಕ್ಕಾಗಿ

(ಕೊಪ್ಪಳದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಕಚೇರಿ, ಗಿರಣಿಗಳ ಸರ್ವರ್ ನೋಡಿಕೊಳ್ಳುವವರಿಗೂ ನೀಡಿದ ಉಪನ್ಯಾಸದ ಬರಹರೂಪ)

ಆತ್ಮೀಯರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಬದಲಿಗೆ ಇಳಿಸಬೇಕಾದ ಸ್ಟಾಪ್‌ಲಾಗ್ ಕೈಯಳತೆಯಲ್ಲಿ ಇರಲಿಲ್ಲ. ಅದನ್ನು ತಯಾರಿಸಿ ತಂದು ಕೂರಿಸುವವರೆಗೆ ದಿನಗಟ್ಟಲೆ ನೀರು ನದಿಯ ಪಾಲಾಯಿತು. ಗೇಟು ಮುರಿದರೆ ಮುನಿರಾಬಾದಿನ ದಂಡೆಯಲ್ಲಿ ನಿಂತವರಿಗೆಲ್ಲ ಕಾಣುತ್ತದೆ. ಸರ್ವರಿನ ಮೆಮೊರಿಯಲ್ಲಿ ಒಂದು ಬಿಟ್ (ಸೊನ್ನೆ ಅಥವಾ ಒಂದನ್ನು ಹಿಡಿದಿಡುವ ಸ್ಥಾನ) ಮಗುಚಿದರೆ ಯಾರಿಗೂ ಕಾಣುವುದಿಲ್ಲ ಎಂಬುದೇ ಇಂದಿನ ಮಾತಿನ ತಿರುಳು.

ಗಂಗಾವತಿ ಕಡೆಯ ಯಾವುದೇ ರೈಸ್ ಮಿಲ್ಲಿನ ತೂಕದ ಲೆಕ್ಕವನ್ನು ತೆಗೆದುಕೊಳ್ಳಿ. ಒಂದು ಲಾರಿಯ ಭತ್ತ 8,340 ಕೆಜಿ ಎಂದು ದಾಖಲಾಗಿದೆ. ಆ ಸಂಖ್ಯೆಯ ದ್ವಿಮಾನ ರೂಪದಲ್ಲಿ 4,096ರ ಸ್ಥಾನದಲ್ಲಿರುವ ಸೊನ್ನೆ ಒಂದಾದರೆ ತೂಕ 12,436 ಕೆಜಿ ಆಗುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಬಿಲ್ ಮಾತ್ರ ಮುದ್ರಣವಾಗುತ್ತದೆ. ಇದು ಕಟ್ಟುಕಥೆಯ ಭಯವಲ್ಲ. ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ 2003ರ ಚುನಾವಣೆಯ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತಗಳು ಹೆಚ್ಚಾಗಿ ಬಂದಿದ್ದವು.

ಬಿಟ್ ಮಗುಚಲು ಕಾರಣಗಳು ಹಲವು: ಬಾಹ್ಯಾಕಾಶದಿಂದ ಬರುವ ಕಣಗಳು, ಮೆಮೊರಿ ಚಿಪ್ಪಿನ ಹೊದಿಕೆಯಲ್ಲೇ ಇರುವ ವಿಕಿರಣಶೀಲ ಅಂಶ, ಸಡಿಲವಾಗಿ ಕೂತ ಮಾಡ್ಯೂಲ್ (ಮೆಮೊರಿ ಚಿಪ್ಪುಗಳಿರುವ ಪಟ್ಟಿ), ಸವೆದ ಕೋಶ. ಗೂಗಲ್‌ನ ಸರ್ವರ್‌ಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳು ಒಮ್ಮೆಯಾದರೂ ಇಂಥ ದೋಷ ಕಂಡಿದ್ದವು. ಬಿಸಿಲನ್ನು ಎಲ್ಲದಕ್ಕೂ ಹೊಣೆ ಮಾಡುವ ರಾಯಚೂರು, ಬಳ್ಳಾರಿ ಸೀಮೆಯ ನಮಗೆ ಅದರಲ್ಲೊಂದು ಅಚ್ಚರಿಯಿದೆ: ತಾಪಮಾನದ ಪ್ರಭಾವ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತು. ಒಮ್ಮೆ ತಪ್ಪಿದ ಮಾಡ್ಯೂಲ್ ಮತ್ತೆ ಮತ್ತೆ ತಪ್ಪುವುದೇ ಹೆಚ್ಚು.

ಮೊದಲ ಕಾವಲು ಇಸಿಸಿ, ಅಂದರೆ ದೋಷ ತಿದ್ದುವ ಸಂಕೇತ. 1950ರಲ್ಲಿ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಸಂಕೇತಗಳ ಸಂತತಿಯಿದು. ಡಿಡಿಆರ್4 ಪೀಳಿಗೆಯ ಇಸಿಸಿ ಮೆಮೊರಿಯಲ್ಲಿ 64 ಬಿಟ್ ಮಾಹಿತಿಯ ಜೊತೆಗೆ 8 ತಾಳೆಯ ಬಿಟ್‌ಗಳನ್ನು ಇಡಲಾಗುತ್ತದೆ. ಅವುಗಳ ಬಲದಿಂದ ಒಂದು ಬಿಟ್ ತಪ್ಪಿದರೆ ತಿದ್ದಬಹುದು, ಎರಡು ತಪ್ಪಿದರೆ ಪತ್ತೆಹಚ್ಚಬಹುದು, ಆದರೆ ತಿದ್ದಲಾಗದು. ಪತ್ತೆಯಾದಾಗ ಯಂತ್ರ ಸಾಮಾನ್ಯವಾಗಿ ನಿಂತೇ ಬಿಡುತ್ತದೆ. ಸುಳ್ಳು ಲೆಕ್ಕ ಕೊಡುವುದಕ್ಕಿಂತ ನಿಲ್ಲುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಅದರ ನಂತರದ ಡಿಡಿಆರ್5 ಚಿಪ್ಪುಗಳಲ್ಲಿ ಒಳಗೇ ಒಂದು ಇಸಿಸಿ ಇರುತ್ತದೆ, ಅದನ್ನೇ ತೋರಿಸಿ ಅಂಗಡಿಯವರು ಸಾಧಾರಣ ಮಾಡ್ಯೂಲನ್ನು ಸರ್ವರಿಗೆ ಸಾಕು ಎನ್ನುವುದುಂಟು. ಅದು ಚಿಪ್ಪಿನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಅದರ ಕಾವಲಿಲ್ಲ.

ಇನ್ನು ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ನಾವೇ ಆರಿಸಬೇಕಾದದ್ದಕ್ಕೆ ಬರೋಣ. ನಾಲ್ಕು ಚಾನೆಲ್ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ), ಪ್ರತಿ ಚಾನೆಲ್‌ಗೆ ಎರಡರಂತೆ 32 ಜಿಬಿಯ ಎಂಟು ಮಾಡ್ಯೂಲ್, ಒಟ್ಟು 256 ಜಿಬಿ ಇದೆ ಎನ್ನೋಣ. ಮಿರರಿಂಗ್ ಆರಿಸಿದರೆ ಬರೆದದ್ದೆಲ್ಲ ಎರಡು ಕಡೆ ದಾಖಲಾಗುತ್ತದೆ. ಒಂದು ಪ್ರತಿಯಲ್ಲಿ ತಿದ್ದಲಾಗದ ದೋಷ ಬಂದರೆ ಇನ್ನೊಂದರಿಂದ ಓದಿ ಕೆಲಸ ನಿಲ್ಲದೆ ಸಾಗುತ್ತದೆ. ಆಪರೇಟಿಂಗ್ ಸಿಸ್ಟಂಗೆ ಕಾಣುವುದು 128 ಜಿಬಿ ಮಾತ್ರ. ಸ್ಪೇರಿಂಗ್‌ನಲ್ಲಿ ಪ್ರತಿ ಚಾನೆಲ್‌ನ ಒಂದು ರ್‍ಯಾಂಕ್ (ಒಟ್ಟಿಗೆ ಓದಿ ಬರೆಯುವ ಚಿಪ್ಪುಗಳ ಗುಂಪು) ಖಾಲಿ ಉಳಿಯುತ್ತದೆ. ಪ್ರತಿ ಮಾಡ್ಯೂಲಿನಲ್ಲಿ ಎರಡು ರ್‍ಯಾಂಕ್ ಇದ್ದರೆ ನಾಲ್ಕರಲ್ಲಿ ಒಂದು ಮೀಸಲಾಗಿ 192 ಜಿಬಿ ಬಳಕೆಗೆ ಸಿಗುತ್ತದೆ. ಯಾವುದಾದರೂ ರ್‍ಯಾಂಕಿನಲ್ಲಿ ತಿದ್ದಬಹುದಾದ ದೋಷಗಳು ಮಿತಿ ಮೀರಿದಾಗ ಅದರ ಮಾಹಿತಿ ಮೀಸಲಿಗೆ ಸ್ಥಳಾಂತರವಾಗುತ್ತದೆ. ಆದರೆ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಬರುವ ದೊಡ್ಡ ದೋಷಕ್ಕೆ ಸ್ಪೇರಿಂಗ್ ಉತ್ತರವಲ್ಲ, ಮೀಸಲು ಒಮ್ಮೆ ಬಳಕೆಯಾದರೆ ಆ ಚಾನೆಲ್‌ಗೆ ಮತ್ತೊಂದು ಮೀಸಲಿಲ್ಲ. ಹಳೆಯ ಯಂತ್ರಗಳ ಲಾಕ್‌ಸ್ಟೆಪ್‌ನಲ್ಲಿ ಇನ್ನೂ ದೊಡ್ಡ ದೋಷ ತಿದ್ದಲೆಂದು ಎರಡು ಚಾನೆಲ್ ಒಂದಾಗಿ ಓಡುತ್ತವೆ. ಜಾಗ ಕಳೆಯುವುದಿಲ್ಲ, ವೇಗ ಕಳೆಯುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಮಾಡ್ಯೂಲ್‌ಗಳನ್ನು ತಯಾರಕರ ಕೈಪಿಡಿ ಹೇಳಿದ ಸ್ಲಾಟ್‌ಗಳಲ್ಲಿ, ಸಮನಾದ ಅಳತೆಯಲ್ಲಿ ಕೂರಿಸಬೇಕು. ಇಲ್ಲವಾದರೆ ಬಯಾಸ್ ಎಷ್ಟೋ ಸಲ ಸದ್ದಿಲ್ಲದೆ ಸಾಧಾರಣ ಮೋಡ್‌ಗೆ ಮರಳುತ್ತದೆ, ಮೀಸಲಿದೆ ಎಂದು ನಂಬಿದ ನಾವು ಮೀಸಲಿಲ್ಲದೆ ಓಡುತ್ತಿರುತ್ತೇವೆ.

ನಾನು ನೋಡಿಕೊಳ್ಳುವ ಒಂದು ಗಿರಣಿಯಲ್ಲಿ ಮಿರರಿಂಗ್ ಹಾಕಿದ ಮರುದಿನವೇ ಮಾಲೀಕರ ಫೋನ್ ಬಂತು: "ಏನ್ರೀ, ಅರ್ಧ ಮೆಮೊರಿ ಎಲ್ಲಿಗೆ ಹೋತು?" ಅವರ ಕೋಪ ನ್ಯಾಯವಾದದ್ದು, ಅರ್ಧವನ್ನು ಏಕೆ ಬಿಟ್ಟುಕೊಡುತ್ತಿದ್ದೇನೆ ಎಂದು ನಾನು ಮೊದಲೇ ಹೇಳಿರಲಿಲ್ಲ. ಲೆಕ್ಕಪತ್ರದ ಸರ್ವರ್ ಹತ್ತು ನಿಮಿಷ ನಿಂತರೆ ಅವರಿಗೆ ನಷ್ಟವಿಲ್ಲ, ತಪ್ಪು ತೂಕ ಮಾತ್ರ ಸಹಿಸಲಾಗದು. ತಪ್ಪು ತೂಕವನ್ನು ತಡೆಯುವುದು ಇಸಿಸಿ. ಮಿರರಿಂಗ್ ತಡೆಯುವುದು ನಿಲುಗಡೆಯನ್ನು. ಹಾಗಾಗಿ ಇಸಿಸಿ ಉಳಿಸಿಕೊಂಡು ಸ್ಪೇರಿಂಗ್‌ಗೆ ಬದಲಾಯಿಸಿದೆ. ಹಗಲಿರುಳು ನಿಲ್ಲಬಾರದ ಆಸ್ಪತ್ರೆಯ ಸರ್ವರ್ ಆಗಿದ್ದರೆ ಮಿರರಿಂಗನ್ನೇ ಹಟ ಹಿಡಿದು ಉಳಿಸುತ್ತಿದ್ದೆ.

ಅದೇ ಗಿರಣಿಯಲ್ಲಿ ನಾಲ್ಕೈದು ತಿಂಗಳ ಮೇಲೆ ಲಿನಕ್ಸ್‌ನ ರಾಸ್‌ಡೀಮನ್ (ಮೆಮೊರಿ ದೋಷಗಳನ್ನು ಬರೆದಿಡುವ ಪ್ರೋಗ್ರಾಂ) ದಾಖಲೆಯನ್ನು ತೆರೆದೆ. ಎ2 ಸ್ಲಾಟಿನ ಎದುರಿಗೆ ಸೋಮವಾರ 3, ಬುಧವಾರ 41, ಶುಕ್ರವಾರ ಮುನ್ನೂರು ಮೀರಿದ ತಿದ್ದಿದ ದೋಷಗಳಿದ್ದವು. ಸರ್ವರನ್ನು ನಿಲ್ಲಿಸಿ ಮುಚ್ಚಳ ಬಿಚ್ಚಿದಾಗ ಭತ್ತದ ಹೊಟ್ಟಿನ ಧೂಳು ಕೈಬೆರಳಿಗೆ ಅಂಟಿತು. ಶುಚಿ ಮಾಡಿ, ಎ2 ಮತ್ತು ಬಿ2 ಸ್ಲಾಟಿನ ಮಾಡ್ಯೂಲ್‌ಗಳನ್ನು ಅದಲುಬದಲು ಮಾಡಿದೆ. ದೋಷ ಮಾಡ್ಯೂಲಿನ ಹಿಂದೆ ಹೋದರೆ ಮಾಡ್ಯೂಲ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರನ್ನು ಸಂಶಯಿಸಬೇಕು. ಎರಡೇ ದಿನದಲ್ಲಿ ಎಣಿಕೆ ಬಿ2ನಲ್ಲಿ ಏರತೊಡಗಿತು.

ಹೊಸ ಮಾಡ್ಯೂಲ್ ಬೆಂಗಳೂರಿನಿಂದ ಬರಲು ಆರು ದಿನ ಹಿಡಿಯಿತು, ಆ ಆರು ದಿನ ಗಿರಣಿಯ ಲೆಕ್ಕ ಮೀಸಲು ರ್‍ಯಾಂಕಿನ ಮೇಲೆ ನಡೆಯಿತು. ಮಾಲೀಕರು ಈಗ ಅದೇ ಅಳತೆಯ ಇನ್ನೊಂದು ಮಾಡ್ಯೂಲನ್ನು ತರಿಸಿ, ಅದರ ಕವರು ಒಡೆಯದೆ, ಚೆಕ್‌ಬುಕ್ ಇಡುವ ಬೀರುವಿನಲ್ಲಿಟ್ಟಿದ್ದಾರೆ.