ಎರಡು ಕಿಲೋಬೈಟಿನಲ್ಲಿ ದಾವಣಗೆರೆ ಮಂಡಿ

ನಮಸ್ಕಾರ. ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಈಗ ನೀವು ನೋಡುತ್ತಿರುವುದು ನಾನು ಬರೆಯುತ್ತಿರುವ, ಮಂಡಿ ವ್ಯಾಪಾರದ ವಿಡಿಯೊ ಆಟ. ಮೇಲಿನ ಸಾಲಿನಲ್ಲಿ ‘ದಾವಣಗೆರೆ’ ಎಂದಿದೆ, ಅದರ ಕೆಳಗೆ ‘ಆವಕ’, ಅಂದರೆ ಮಂಡಿಗೆ ಬಂದ ಸರಕು, ಅದರ ಪಕ್ಕದಲ್ಲಿ ‘ಧಾರಣೆ’, ಅಂದರೆ ಬೆಲೆ. ಬಲಗಡೆಯ ಪುಟ್ಟ ಲಾರಿ ನಮ್ಮದು. ಯಂತ್ರ ನಿಂಟೆಂಡೊದ ಫ್ಯಾಮಿಕಾಮ್‌ನ ನಕಲು. ನಮ್ಮ ಕಡೆ ಎಲ್ಲರೂ ಟಿವಿ ಗೇಮ್ ಎಂದೇ ಕರೆಯುತ್ತಿದ್ದ, ಹಳದಿ ಕಾರ್ಟ್ರಿಜ್ ಹಾಕಿ ಆಡುತ್ತಿದ್ದ ಪೆಟ್ಟಿಗೆ ಅದೇ. ಮೂಲ ಯಂತ್ರ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1983ರಲ್ಲಿ.

ಆ ಪೆಟ್ಟಿಗೆಯಲ್ಲಿ ನಾವೆಲ್ಲ ಓಡಿದ್ದೇವೆ, ಜಿಗಿದಿದ್ದೇವೆ, ಗುಂಡು ಹಾರಿಸಿದ್ದೇವೆ. ವ್ಯಾಪಾರ ಮಾತ್ರ ಮಾಡಿರಲಿಲ್ಲ. ವ್ಯಾಪಾರದ ಆಟಗಳೇನೂ ಹೊಸವಲ್ಲ. 1974ರಲ್ಲಿಯೇ ಡೇವ್ ಕಾಫ್‌ಮನ್ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ‘ಸ್ಟಾರ್ ಟ್ರೇಡರ್’ ಬರೆದಿದ್ದರು. 1984ರಲ್ಲಿ ಬಂದ ‘ಎಲೀಟ್’ 1991ರಲ್ಲಿ ಇದೇ ನಿಂಟೆಂಡೊ ಯಂತ್ರಕ್ಕೂ ಬಂತು. ಆದರೆ ಅಲ್ಲಿ ವ್ಯಾಪಾರ ನಡೆಯುವುದು ನಕ್ಷತ್ರಗಳ ನಡುವೆ. ನನಗೆ ಬೇಕಾಗಿದ್ದದ್ದು ಗೋಣಿಚೀಲ, ತೂಕದ ಕಾಟಾ, ಹಮಾಲರು, ಲಾರಿ ಬಾಡಿಗೆ.

ನನ್ನ ದೊಡ್ಡಪ್ಪ ಬಹಳ ಕಾಲ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸಿದವರು. ಆಟದ ಯೋಚನೆ ಬಂದಾಗ ನಾನು ಮೊದಲು ಹೋದದ್ದು ಅವರ ಬಳಿಗೆ. ಊರುಗಳ ಹೆಸರು, ಸರಕು, ಧಾರಣೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, “ಆವಕ ಎಷ್ಟಪ್ಪಾ? ಎಷ್ಟು ಚೀಲ ಬಂದಿದೆ ಎನ್ನುವುದು ಗೊತ್ತಿಲ್ಲದೆ ಧಾರಣೆ ನೋಡಿಕೊಂಡು ಏನು ಮಾಡುತ್ತೀಯಾ?” ಎಂದು ಕೇಳಿದರು. ಇಡೀ ಆಟ ನಿಂತಿರುವುದು ಆ ಮಾತಿನ ಮೇಲೆ. ಎಷ್ಟೋ ವ್ಯಾಪಾರದ ಆಟಗಳಲ್ಲಿ ಬೆಲೆ ದಾಳ ಎಸೆದಂತೆ ಏರುತ್ತದೆ, ಇಳಿಯುತ್ತದೆ. ಅಲ್ಲಿ ಗೆದ್ದವನು ಅದೃಷ್ಟವಂತ, ಅಷ್ಟೆ. ಮಂಡಿಯಲ್ಲಿ ಬೆಲೆಗೆ ಕಾರಣವಿರುತ್ತದೆ, ಆ ಕಾರಣ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಓದಬಲ್ಲವನಿಗೆ ಆಟ ಒಲಿಯಬೇಕು ಎನ್ನುವುದು ನನ್ನ ಹಟ.

ಅದಕ್ಕಾಗಿ ಆಟವನ್ನು 1997ರಲ್ಲಿ ಇಟ್ಟಿದ್ದೇನೆ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದ ವರ್ಷ ಅದು. ಆಗ ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ, ಎಸ್‌ಟಿಡಿ ಬೂತ್‌ಗಳ ಕಾಲ. ಆಟದಲ್ಲಿ ನೀವು ನಿಂತಿರುವ ಊರಿನ ಆವಕ, ಧಾರಣೆ ಎರಡೂ ಇಂದಿನವು. ಬೇರೆ ಊರಿನ ಧಾರಣೆ ನೀವು ಅಲ್ಲಿಂದ ಹೊರಟ ದಿನದ್ದು. ಇಂದಿನದು ಬೇಕೆಂದರೆ ಬೂತಿಗೆ ಹೋಗಿ ದುಡ್ಡು ಕೊಟ್ಟು ಕರೆ ಮಾಡಬೇಕು. ಸುದ್ದಿಗೂ ಬೆಲೆ ಇರುವುದರಿಂದ, ಕೈಯಲ್ಲಿ ಸ್ವಲ್ಪವೇ ಹಣವಿದ್ದಾಗ ಕರೆ ಮಾಡಬೇಕೇ, ಇನ್ನೊಂದು ಚೀಲ ಕೊಳ್ಳಬೇಕೇ ಎಂಬ ಪ್ರಶ್ನೆ ನಿಜವಾಗಿಯೂ ಕಾಡುತ್ತದೆ. ಧಾರಣೆಗಳು ಆ ವರ್ಷದ ನಿಜ ದಾಖಲೆಯಲ್ಲ, ಆಟಕ್ಕೆ ಹೊಂದುವಂತೆ ನಾನೇ ಇಟ್ಟವು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಊರುಗಳು ಐದು: ದಾವಣಗೆರೆ, ಹರಿಹರ, ಚನ್ನಗಿರಿ, ಚಿತ್ರದುರ್ಗ, ಚಳ್ಳಕೆರೆ. ಸರಕೂ ಐದು: ಮೆಕ್ಕೆಜೋಳ, ಭತ್ತ, ಅಡಿಕೆ, ಈರುಳ್ಳಿ, ಶೇಂಗಾ. ಒಂದೊಂದು ಸರಕಿಗೆ ಒಂದೊಂದು ಸ್ವಭಾವ. ಅಡಿಕೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ, ಆದರೆ ಬಂಡವಾಳವನ್ನೆಲ್ಲ ನುಂಗಿ ಕೂರುತ್ತದೆ. ಈರುಳ್ಳಿ ಕಾಯುವುದಿಲ್ಲ, ಮಳೆ ಬಂದರೆ ಲಾರಿಯಲ್ಲೇ ಕೊಳೆಯುತ್ತದೆ. ಭತ್ತ ಭದ್ರಾ ನಾಲೆಯ ನೀರನ್ನು ನಂಬಿದೆ, ನೀರು ಬಿಡುವುದು ತಡವಾದರೆ ಆವಕವೂ ತಡ. ಶೇಂಗಾ ನಿಮ್ಮನ್ನು ಎಣ್ಣೆ ಗಿರಣಿಗಳಿರುವ ಚಳ್ಳಕೆರೆಯತ್ತ ಎಳೆಯುತ್ತದೆ.

ಮೆಕ್ಕೆಜೋಳದ ಬಳಿ ಸ್ವಲ್ಪ ನಿಲ್ಲೋಣ. ನಮ್ಮ ಮಾರುಕಟ್ಟೆಯ ಜೀವಾಳ ಅದು. ದೀಪಾವಳಿಯ ಆಸುಪಾಸಿನಲ್ಲಿ ಎಪಿಎಂಸಿ ಅಂಗಳಕ್ಕೆ ಕಾಲಿಟ್ಟವರಿಗೆ ಗೊತ್ತು, ಸಿಮೆಂಟ್ ನೆಲದ ಉದ್ದಕ್ಕೂ ಹಳದಿ ಕಾಳು ಹರಡಿರುತ್ತದೆ. ಹಸಿ ಕಾಳಿಗೆ ಖರೀದಿದಾರರು ಕಡಿಮೆ ಬೆಲೆ ಕಟ್ಟುತ್ತಾರೆ, ಒಣಗಿದ್ದಕ್ಕೆ ಹೆಚ್ಚು. ಆಟದಲ್ಲಿ ತೇವಾಂಶ ಶೇಕಡಾ 20ರಷ್ಟಿರುವ 100 ಕ್ವಿಂಟಲ್ ಕೊಂಡು 14ಕ್ಕೆ ಇಳಿಯುವವರೆಗೆ ಒಣಗಿಸಿದರೆ ಕೈಗೆ ಸಿಗುವುದು 93 ಕ್ವಿಂಟಲ್. ಇದು ನಾನು ಕಟ್ಟಿದ ಸಂಖ್ಯೆಯಲ್ಲ: 100 ಕ್ವಿಂಟಲಿನಲ್ಲಿ ಒಣ ಕಾಳಿನ ಅಂಶ 80, ಆ 80 ಒಟ್ಟು ತೂಕದ ನೂರಕ್ಕೆ 86 ಭಾಗವಾಗಬೇಕು, ಭಾಗಿಸಿದರೆ 93. ಏಳು ಕ್ವಿಂಟಲ್ ನೀರಾಗಿ ಹೋಯಿತು. ಮೇಲೇರಿದ ಧಾರಣೆ ಆ ಏಳನ್ನೂ ಒಣಗಿಸಿದ ಕೂಲಿಯನ್ನೂ ತುಂಬಿಕೊಡಬೇಕು, ನಡುವೆ ಮಳೆ ಬರಬಾರದು. ಪರದೆಯ ಮೇಲ್ತುದಿಯಲ್ಲಿ ಮೋಡದ ಚಿತ್ರ ಕಂಡಿತೇ? ಮಳೆಗೆ ಒಂದು ದಿನ ಮೊದಲೇ ಅದು ಕಾಣಿಸಿಕೊಳ್ಳುತ್ತದೆ. ಹೇಳದೆ ಕೇಳದೆ ನಷ್ಟ ತಂದೊಡ್ಡುವ ಆಟ ನನಗೆ ಇಷ್ಟವಿಲ್ಲ.

ಇನ್ನು ಯಂತ್ರದ ಮಾತು. ಇದರ ಕೆಲಸದ ಮೆಮೊರಿ ಎರಡೇ ಕಿಲೋಬೈಟ್, ಅಂದರೆ 2,048 ಬೈಟ್. ಅದರಲ್ಲಿ ಪ್ರೊಸೆಸರ್ ಬೇಗನೆ ತಲುಪಬಲ್ಲ ಮೊದಲ ಪುಟಕ್ಕೆ 256, ಪ್ರೊಸೆಸರ್ ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಸ್ಟ್ಯಾಕ್‌ಗೆ 256, ಚಲಿಸುವ ಚಿತ್ರಗಳ ಪಟ್ಟಿಗೆ 256 ಹೋದರೆ ಉಳಿಯುವುದು 1,280. ಐದು ಊರು, ಐದು ಸರಕು, ಒಟ್ಟು 25 ಲೆಕ್ಕ. ಒಂದೊಂದಕ್ಕೆ ಆರು ಬೈಟ್ ಕೊಟ್ಟಿದ್ದೇನೆ: ಧಾರಣೆಗೆ ಎರಡು, ಆವಕಕ್ಕೆ ಎರಡು, ಬೇಡಿಕೆಗೆ ಒಂದು, ನೀವು ಕೊನೆಯ ಸಲ ವಿಚಾರಿಸಿದ ದಿನಕ್ಕೆ ಒಂದು. 150 ಬೈಟಿನಲ್ಲಿ ಎರಡು ಜಿಲ್ಲೆಗಳ ಮಾರುಕಟ್ಟೆ ಮುಗಿಯಿತು. ಜಾಗ ಧಾರಾಳವಾಗಿದ್ದಿದ್ದರೆ ಇನ್ನೂ ಹತ್ತು ಸರಕು ತುಂಬುತ್ತಿದ್ದೆನೇನೋ. ಐದೇ ಇರುವುದರಿಂದ ಪ್ರತಿಯೊಂದರ ಗುಣವನ್ನೂ ಆಡುವವರು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲರು.

ಹಣದ ಲೆಕ್ಕಕ್ಕೆ ಮಾತ್ರ ಬಹಳ ತಲೆ ಕೆಡಿಸಿಕೊಳ್ಳಬೇಕಾಯಿತು. ಒಂದು ಬೈಟಿನಲ್ಲಿ 255ರವರೆಗೆ ಎಣಿಸಬಹುದು, ಎರಡು ಬೈಟಿನಲ್ಲಿ 65,535ರವರೆಗೆ. ಕ್ವಿಂಟಲಿಗೆ 12,000 ರೂಪಾಯಿಯಂತೆ ಆರು ಕ್ವಿಂಟಲ್ ಅಡಿಕೆ ಕೊಂಡರೆ 72,000, ಅಲ್ಲಿಗೇ ಎರಡು ಬೈಟ್ ಸಾಲದು. ಮೂರು ಬೈಟ್ ಕೊಟ್ಟರೆ 1,67,77,215ರವರೆಗೆ ಹೋಗಬಹುದು, ಆದರೆ ಅದನ್ನು ಪರದೆಯಲ್ಲಿ ಅಂಕಿಗಳಾಗಿ ಬರೆಯಲು ಮತ್ತೆ ಮತ್ತೆ ಹತ್ತರಿಂದ ಭಾಗಿಸಬೇಕು. ಈ ಪ್ರೊಸೆಸರ್‌ಗೆ ಭಾಗಾಕಾರದ ಆದೇಶವಿಲ್ಲ, ಗುಣಾಕಾರದ್ದೂ ಇಲ್ಲ. ಇದಕ್ಕೆ ಮಾದರಿಯಾದ ಮೂಲ 6502 ಪ್ರೊಸೆಸರ್ ಚಿಪ್‌ನಲ್ಲಿ ದಶಮಾನ ಪದ್ಧತಿಯಲ್ಲೇ ಕೂಡಿ ಕಳೆಯುವ ಅನುಕೂಲವಿತ್ತು, ರಿಕೋ ಕಂಪನಿ ನಿಂಟೆಂಡೊಗಾಗಿ ತಯಾರಿಸಿದ ಚಿಪ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ.

ಆದ್ದರಿಂದ ಒಂದು ಅಂಕಿಗೆ ಒಂದು ಬೈಟ್, ಒಟ್ಟು ಎಂಟು ಅಂಕಿ. ಬಲದಿಂದ ಎಡಕ್ಕೆ ಕೂಡುತ್ತಾ ಹೋಗುವುದು, ಒಂಬತ್ತು ಮೀರಿದರೆ ದಶಕ ಮುಂದಿನ ಮನೆಗೆ. 120 ಕ್ವಿಂಟಲಿನ ಬೆಲೆ ಬೇಕೆಂದರೆ ಧಾರಣೆಯನ್ನು ಎರಡು ಮನೆ ಎಡಕ್ಕೆ ಸರಿಸಿ ಒಂದು ಸಲ, ಒಂದು ಮನೆ ಸರಿಸಿ ಎರಡು ಸಲ ಕೂಡಿದರೆ ಆಯಿತು. ಪ್ರಾಥಮಿಕ ಶಾಲೆಯಲ್ಲಿ ಕಲಿತ ಗುಣಾಕಾರವೇ ಇದು. ಬರೆಯುವಾಗ ಲಕ್ಷದ ಜಾಗದಲ್ಲಿ ಅಲ್ಪವಿರಾಮ ಹಾಕುವುದೂ ಸುಲಭ. ನೋಡಿ, 1,24,500. ನಮ್ಮ ಲೆಕ್ಕದ ಪುಸ್ತಕದಲ್ಲಿ ಇರುವ ಹಾಗೆಯೇ ಇದೆ. ಇದನ್ನು ಮೊದಲ ಸಲ ಟಿವಿಯಲ್ಲಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕನ್ನಡ ಅಕ್ಷರಗಳ ವಿಷಯಕ್ಕೆ ಬಂದರೆ, ಈ ಯಂತ್ರ ಪರದೆಯನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಬಿಲ್ಲೆಗಳಿಂದ ಕಟ್ಟುತ್ತದೆ. ಹಿನ್ನೆಲೆಗೆ ಒಂದು ಹೊತ್ತಿಗೆ ಸಿಗುವುದು 256 ಬಿಲ್ಲೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬಿಲ್ಲೆ ಸಾಕು, ನಮ್ಮ ಅಕ್ಷರ ಅಂದವಾಗಿ ಕಾಣಬೇಕೆಂದರೆ ನಾಲ್ಕು ಬೇಕು. ಆ ಲೆಕ್ಕದಲ್ಲಿ 64 ಅಕ್ಷರಕ್ಕೆ ಎಲ್ಲವೂ ಖರ್ಚು. ದಾವಣಗೆರೆ, ಹರಿಹರ ತೊಂದರೆ ಕೊಡಲಿಲ್ಲ, ಅವುಗಳಲ್ಲಿ ಒತ್ತಕ್ಷರವಿಲ್ಲ. ಚನ್ನಗಿರಿ, ಚಳ್ಳಕೆರೆ ಕೆಳಗೆ ಇಳಿದವು. ಚಿತ್ರದುರ್ಗಕ್ಕೆ ಕೆಳಗೂ ಜಾಗ ಬೇಕು, ಬದಿಗೂ ಜಾಗ ಬೇಕು. ಹಾಗಾಗಿ ಚಿತ್ರಗಳಿಗೆ ಬದಲಿಸಲಾಗದ ಮೆಮೊರಿಯ (ROM) ಬದಲು ಮತ್ತೆ ಮತ್ತೆ ಬರೆಯಬಹುದಾದ ಮೆಮೊರಿ (RAM) ಇರುವ ಕಾರ್ಟ್ರಿಜ್ ಆರಿಸಿಕೊಂಡು, ಆಯಾ ಪರದೆಗೆ ಬೇಕಾದ ಅಕ್ಷರಗಳನ್ನಷ್ಟೇ ಆಗಿಂದಾಗ ತುಂಬುತ್ತಿದ್ದೇನೆ. ಶ್ರಮ ಹೆಚ್ಚಾಯಿತು, ನಿಜ. ಆದರೆ ಮಂಡಿಯ ಆಟವನ್ನು ಇಂಗ್ಲಿಷಿನಲ್ಲಿ ಆಡಿಸಲು ನನಗೆ ಮನಸ್ಸು ಬರಲಿಲ್ಲ.

ದೊಡ್ಡಪ್ಪ ಮೊನ್ನೆ ಜಾಯ್‌ಪ್ಯಾಡ್ ಹಿಡಿದು ಕುಳಿತರು. ಆಟದ ಎರಡು ದಿನ ಏನನ್ನೂ ಕೊಳ್ಳದೆ ದಾವಣಗೆರೆಯ ಆವಕವನ್ನೇ ನೋಡುತ್ತಿದ್ದರು. ಮೂರನೆಯ ದಿನ ಆವಕ ಏರಿ ಧಾರಣೆ ಕುಸಿದಾಗ ಮೆಕ್ಕೆಜೋಳ ಕೊಂಡು, ಮೋಡ ಕಾಣುವಷ್ಟರಲ್ಲಿ ಒಣಗಿಸಿ ಮಾರಿದರು. ಆಟದ ನಿಯಮವನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನು ಉಳಿದಿರುವ ದೊಡ್ಡ ಕೆಲಸ ಶೇಂಗಾದ್ದು. ಸದ್ಯಕ್ಕೆ ಆಟದಲ್ಲಿ ಎಲ್ಲ ಶೇಂಗಾಕ್ಕೂ ಒಂದೇ ಧಾರಣೆ. ಆದರೆ ಕಾಯಿಯಿಂದ ಎಷ್ಟು ಬೀಜ ಬರುತ್ತದೆ, ಬೀಜ ಎಷ್ಟು ತುಂಬಿಕೊಂಡಿದೆ ಎಂಬುದರ ಮೇಲೆ ಬೆಲೆ ಬದಲಾಗುತ್ತದೆ. ಚಳ್ಳಕೆರೆ ಕಡೆಯವರು ಯಾರಾದರೂ ಈ ವಿಡಿಯೊ ನೋಡುತ್ತಿದ್ದರೆ, ಒಂದು ಹಿಡಿ ಕಾಯಿ ಸುಲಿದು ಬೆಲೆ ಕಟ್ಟುವ ಕ್ರಮವನ್ನು ದಯವಿಟ್ಟು ವಿವರವಾಗಿ ಬರೆದು ತಿಳಿಸಿ. ಅದಕ್ಕಾಗಿ 25 ಬೈಟ್ ಬಿಟ್ಟುಕೊಂಡಿದ್ದೇನೆ.